ಒದ್ದೆ ಟಾರಿನ ಮೇಲೆ ಒಂದು ಸುತ್ತು

“ಏಯ್ ಟ್ಯಾಂಕರ್! ನೀರು ಬಿಡೋಕೆ ಕರೆದ್ರೆ ನೀರು ಬಿಡು. ಕಾರ್ ಮೇಲೆ ಕೈ ಯಾಕೆ ಇಕ್ತೀಯ? ನಿಮ್ಮಪ್ಪನ ಕಾಲಕ್ಕಾದ್ರೂ ಕಂಡಿದ್ಯೇನೋ ಇಂಥದ್ದು?”

ಸುನೀಲ್‌ಕುಮಾರ್ ಇಷ್ಟು ಅಂದು ಬಿಟ್ಟಿದ್ದರೆ ಗಂಗರಾಜು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವನು ಬಟ್ಟೆಯೊಂದನ್ನು ತೆಗೆದು, ಗಂಗರಾಜುವಿನ ಅಂಗೈ ತಾಕಿದ್ದ ಜಾಗವನ್ನಷ್ಟೇ ಒರೆಸಿದ. ಉಳಿದ ಕಾರಿನ ಮೇಲೆಲ್ಲ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಸುತ್ತ ನಿಂತಿದ್ದ ಗೆಳೆಯರು ನಕ್ಕರು.

ಮಂಚೇನಹಳ್ಳಿಯ ಆಚೆ, ಇನ್ನೂ ಒಂದು ಮನೆಯೂ ಏಳದ ಲೇಔಟು ಅದು. ಸೈಟುಗಳಲ್ಲಿ ಜಾಲಿ ಬೆಳೆದಿತ್ತು, ರಸ್ತೆಗೆ ಮಾತ್ರ ನುಣ್ಣನೆಯ ಟಾರು, ನಡುವೆ ದೊಡ್ಡದೊಂದು ಸರ್ಕಲ್ಲು. ಎಲ್ಲ ಸುನೀಲನ ಅಪ್ಪನದು. ಭಾನುವಾರ ಬಂತೆಂದರೆ ಸುನೀಲ ಆ ಹಳದಿ ಕಾರು ತಂದು ಸರ್ಕಲ್ಲಿನ ಸುತ್ತ ಅಡ್ಡಡ್ಡ ಜಾರಿಸಲು ನೋಡುತ್ತಿದ್ದ. ಚಿಕ್ಕಪ್ಪನ ಮಗಳು ಶಿರೀಷಾ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಒಣ ಟಾರು ಟೈರು ತಿನ್ನುತ್ತದೆ. ರಸ್ತೆ ನೆನೆಸಲೆಂದೇ ಮಂಡಿಕಲ್‌ನಿಂದ ಗಂಗರಾಜುವಿನ ಟ್ಯಾಂಕರ್ ಕರೆಸಿದ್ದು.

ಅವನು ಕೈ ಇಟ್ಟದ್ದು ಕಾರಿನ ಬೆನ್ನ ಮೇಲೆ. ಎಂಜಿನ್ ಇದ್ದದ್ದು ಅಲ್ಲಿ, ಸೀಟಿನ ಹಿಂದೆ, ಹಿಂದಿನ ಗಾಲಿಗಳಿಗಿಂತ ಮುಂದೆ. ಮುಟ್ಟಿದರೆ ಆಗಷ್ಟೇ ಈದ ಹಸುವಿನ ಮೈಯಂತೆ ಬೆಚ್ಚಗಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರ ಮುಂದೆಯೇ ಚೀಲ ಬಿಸಾಕಿ ಎದ್ದು ಬಂದವನು ಗಂಗರಾಜು. ಆಮೇಲೆ ಹಿಡಿದದ್ದು ಮೇಲೂರಿನಿಂದ ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಸಾಗಿಸುವ ಹಳೇ ಆಮ್ನಿ ವ್ಯಾನು. ಅದರ ಎಂಜಿನ್ನೂ ಮೂತಿಯಲ್ಲಲ್ಲ, ಸೀಟಿನ ಅಡಿಯಲ್ಲಿ, ಗಾಡಿ ನೂಕುವುದೂ ಹಿಂದಿನ ಗಾಲಿಗಳೇ. ಗೂಡು ಇಳಿಸಿ ಖಾಲಿ ಬರುವಾಗ ಮಳೆ ಬಿದ್ದಿದ್ದರೆ ವ್ಯಾನನ್ನು ಕೆರೆಯಂಗಳಕ್ಕೆ ಇಳಿಸುತ್ತಿದ್ದ. ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ, ಕೆಸರಿನ ಮೇಲೆ ಗಾಡಿ ತೇಲುತ್ತಿತ್ತು. ಆ ಒಂದೆರಡು ಗಳಿಗೆ ಅವನಿಗೆ ಲೋಕದಲ್ಲಿ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ. ಅಂಥ ಗಳಿಗೆ ಅವನ ಬಾಳಿನಲ್ಲಿ ಬೇರೆ ಇರಲಿಲ್ಲ. ವ್ಯಾನು ಗುಜರಿಗೆ ಹೋದ ಮೇಲೆ ಅದೂ ಹೋಯಿತು. ಈಗ ಆ ಹಳದಿ ಕಾರನ್ನು ನೋಡಿದಾಗಲೆಲ್ಲ ಹಸಿದವನ ಹೊಟ್ಟೆಯಂತೆ ಅವನ ಬಲಗಾಲು ಚುರುಗುಟ್ಟುತ್ತಿತ್ತು.

ಹಲ್ಲು ಕಚ್ಚಿ ನೀರು ಬಿಟ್ಟ. ಸುನೀಲ ಕಾರು ಹತ್ತಿದ, ಜಾರಿಸಿದ, ಗಿರ್ರನೆ ತಿರುಗಿ ನಿಂತ. ಮತ್ತೆ ಜಾರಿಸಿದ, ಮತ್ತೆ ಅದೇ.

“ಬೊಂಗರಂ ರಾ ಇದಿ, ಬೊಂಗರಂ!” ಗೆಳೆಯ ಮಧುಸೂದನ್ ತೆಲುಗಿನಲ್ಲಿ ಕೂಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಕಾರು ಬುಗುರಿಯೇ ಆಗಿಹೋಗಿತ್ತು.

“ಸುನೀಲಣ್ಣ, ಟ್ಯಾಂಕರಣ್ಣನಿಗೊಂದು ರೌಂಡ್ ಕೊಡು,” ಎಂದಳು ಶಿರೀಷಾ. “ನಿನಗಿಂತ ಕೆಟ್ಟದಾಗಿ ಓಡ್ಸೋಕೆ ಯಾರಿಗೂ ಆಗಲ್ಲ ಬಿಡು.”

ಗೆಳೆಯರು ಹೋ ಎಂದರು. ಕೊಡದಿದ್ದರೆ ಮರ್ಯಾದೆ ಹೋಗುತ್ತದೆಂದು ಸುನೀಲ ಇಳಿದ. “ಬಾರಪ್ಪ, ಬಾ. ಸೀಟ್ ಮೇಲೆ ಟವಲ್ ಹಾಕ್ಕೊಂಡು ಕೂತ್ಕೊ. ನಾವೂ ಒಸಿ ನಗಣ.”

ಗಂಗರಾಜು ಟವಲ್ ಹಾಸಿ ಕೂತ. ಸರ್ಕಲ್ಲಿಗೆ ತಿರುಗಿಸಿ ಆಕ್ಸಿಲರೇಟರ್ ತುಳಿದ, ಹಿಂಭಾಗ ಜಾರಿತು. ಆಮ್ನಿಯ ಅಭ್ಯಾಸದಂತೆ ಥಟ್ಟನೆ ಕಾಲೆತ್ತಿದ. ಆಮ್ನಿ ಆಗಿದ್ದರೆ ಸರಿಹೋಗುತ್ತಿತ್ತು. ಇದು ಚಾಟಿ ಬೀಸಿದಂತೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ಆಫಾಯಿತು.

“ಇವನೂ ಬೊಂಗರಮೇ!”

ಇಳಿ ಎಂದು ಯಾರಾದರೂ ಕೂಗುವ ಮೊದಲೇ ಅವನು ಮತ್ತೆ ಸ್ಟಾರ್ಟ್ ಮಾಡಿದ. ಈ ಸಲ ಹಿಂಭಾಗ ಜಾರಿದಾಗ ಮೈಯೆಲ್ಲ ಕಾಲೆತ್ತು ಎಂದಿತು. ಎತ್ತಲಿಲ್ಲ. ಕಾಲನ್ನು ಹಾಗೇ ಹಿಡಿದ. ಬಾಲ ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿದ. ಕಾರು ಒಂದು ಸಲ ಒದರಿ ಸುಮ್ಮನಾಯಿತು. ಆಮೇಲೆ ಅಡ್ಡವಾಗಿಯೇ, ನೀರು ಚಿಮ್ಮಿಸುತ್ತ, ಸರ್ಕಲ್ಲನ್ನು ತಬ್ಬಿಕೊಂಡಂತೆ ಸುತ್ತಿತು. ಮುಂದಿನ ದಾರಿ ಕಂಡದ್ದು ಪಕ್ಕದ ಕಿಟಕಿಯಲ್ಲಿ. ಬೆನ್ನ ಹಿಂದೆ ಎಂಜಿನ್ ಅರಚುತ್ತಿತ್ತು. ಅವನೊಳಗೆ ಸದ್ದೇ ಇರಲಿಲ್ಲ. ಮೇಷ್ಟರು, ಸುನೀಲ, ನಕ್ಕವರು, ಎಲ್ಲರೂ ಎಲ್ಲೋ ಹಿಂದೆ ಬಿದ್ದುಹೋದರು. ಈ ಸುತ್ತು ಮುಗಿಯದೆ ಹೀಗೇ ಇದ್ದುಬಿಡಲಿ ಎಂದುಕೊಂಡ.

ಮುಗಿಯಿತು. ಇಳಿದಾಗ ಯಾರೂ ನಗುತ್ತಿರಲಿಲ್ಲ.

ಸುನೀಲ ಹತ್ತಿರ ಬಂದ. ದನಿ ಮೆತ್ತಗಾಗಿತ್ತು. “ಏನಪ್ಪ ನಿನ್ನ ಹೆಸ್ರು?”

“ಗಂಗರಾಜು.”

“ನೋಡು ಗಂಗರಾಜು, ವಾರಾವಾರ ಬಾ. ಎಷ್ಟು ರೌಂಡ್ ಬೇಕಾದ್ರೂ ಹೊಡ್ಕೊ, ಪೆಟ್ರೋಲ್ ನಂದು, ಟೈರ್ ನಂದು. ಒಂದೇ ಮಾತು. ನನ್ನ ಜಾಕೆಟ್ಟು, ಹೆಲ್ಮೆಟ್ಟು ಹಾಕ್ಕೊಂಡು ಓಡ್ಸು. ಕೊನೇಲಿ ನಾನು ಅದನ್ನ ಹಾಕ್ಕೊಂಡು ಕಾರಿಂದ ಇಳಿಯೋದನ್ನ ವಿಡಿಯೋಗೆ ಸೇರಿಸ್ತಾಳೆ ಶಿರೀಷಾ. ಓಡ್ಸಿದ್ದು ನೀನು ಅಂತ ಹೊರಗೆ ಗೊತ್ತಾಗಬಾರ್ದು, ಅಷ್ಟೇ.”

ಶಿರೀಷಾ ಫೋನು ಕೆಳಗಿಳಿಸಿ ನೆಲ ನೋಡಿದಳು.

ವಾರಾವಾರ. ಎಷ್ಟು ಬೇಕಾದರೂ. ಗಂಗರಾಜುವಿನ ಬಲಗಾಲು ಇನ್ನೂ ಅದುರುತ್ತಿತ್ತು. ಅದು ಆಗಲೇ ಹ್ಞೂಂ ಅಂದಾಗಿತ್ತು. ಕಾರಿನ ಬಾಗಿಲು ತೆರೆದೇ ಇತ್ತು. ಒಳಗೆ ಅವನು ಕೂತ ಗುರುತು ಟವಲ್ ಮೇಲೆ ಒದ್ದೆಯಾಗಿ ಉಳಿದಿತ್ತು. ಈ ಲೋಕದಲ್ಲಿ ಅವನಿಗೆ ಬೇಕಾದದ್ದು ಅದೊಂದೇ. ಅದನ್ನೇ ಕೊಡುತ್ತೇನೆ ಎನ್ನುತ್ತಿದ್ದಾನೆ ಇವನು, ನೀನಾಗಿ ಅಲ್ಲ, ನಾನಾಗಿ ಬಾ ಎಂದು.

“ಏನಂತೀಯ?” ಎಂದ ಸುನೀಲ. “ಒಳ್ಳೇ ಮಾತಲ್ಲೇ ಕೇಳ್ತಿದೀನಿ ಕಣೋ.”

ಗಂಗರಾಜು ಟ್ಯಾಂಕರ್ ಕಡೆ ತಿರುಗಿ ನಡೆದ. ಒದ್ದೆ ಟಾರಿನಲ್ಲಿ ಚಪ್ಪಲಿ ಪಚಪಚ ಎನ್ನುತ್ತಿತ್ತು. ಹಿಂದೆ ಯಾರೋ ಕಾರು ಸ್ಟಾರ್ಟ್ ಮಾಡಿದರು. ಆ ಸದ್ದು ಬೆನ್ನಿಗೆ ಬಂದು ಬಡಿಯಿತು. ತಿರುಗಿ ನೋಡಿದರೆ ಒಪ್ಪಿಬಿಡುತ್ತೇನೆಂದು ಅವನಿಗೆ ಗೊತ್ತಿತ್ತು. ನೋಡದೆ ನಡೆದ.