ಬೆನ್ನ ಹಿಂದಿನ ಮಾತು

ಚಿಯಾಯಿ ಪಟ್ಟಣದ ಹಳೆಯ ಚಿತ್ರಮಂದಿರದ ಹಿಂದಿನ ಗಲ್ಲಿಯಲ್ಲಿ ವೆನ್‌ಹೆಯ ತಿಂಡಿ ಅಂಗಡಿ ಬೆಳಕು ಹರಿಯುವ ಮೊದಲೇ ತೆರೆಯುತ್ತಿತ್ತು. ಹೆಂಡತಿ ಬಿಯುನ್ ಕಾವಲಿಯ ಮುಂದೆ, ಅವನು ಸೋಯಾ ಹಾಲಿನ ಹಂಡೆಯ ಪಕ್ಕ ಗಲ್ಲಾದಲ್ಲಿ. ಸ್ಕೂಟರಿನಿಂದ ಇಳಿಯದೆಯೇ ತಿಂಡಿ ಕಟ್ಟಿಸಿಕೊಂಡು ಹೋಗುವವರೇ ಹೆಚ್ಚು. ಒಳಗೆ ಬಂದು ಕೂರುವ ಹಳೆಯ ಗಿರಾಕಿಗಳೂ ಒಂದಿಷ್ಟು ಜನ ಇದ್ದರು. ಅವರಿಗಾಗಿ ವೆನ್‌ಹೆ ದಿನವೂ ಒಂದು ಆಟ ಆಡಿಸುತ್ತಿದ್ದ.

"ಯಾನಿಂಗ್, ಆ ಕಡೆ ತಿರುಗಿ ನಿಂತ್ಕೋ."

ಐದು ವರ್ಷದ ಮಗಳು ಗಿರಾಕಿಗಳಿಗೆ ಬೆನ್ನು ಮಾಡಿ, ಫ್ರಿಜ್ಜಿನ ಗಾಜಿನ ಬಾಗಿಲಿಗೆ ಎದುರಾಗಿ ನಿಲ್ಲುತ್ತಿದ್ದಳು. ಬಲಗಿವಿಯ ಹಿಂದೆ ಪುಟ್ಟ ಯಂತ್ರ, ಅದರಿಂದ ಹೊರಟ ತಂತಿ, ತಂತಿಯ ತುದಿಯಲ್ಲಿ ಕೂದಲ ನಡುವೆ ತಲೆಗೆ ಅಂಟಿಕೊಂಡ ಒಂದು ಬಿಲ್ಲೆ. ಹುಟ್ಟಿನಿಂದ ಏನೂ ಕೇಳಿಸದ ಮಗು. ಎರಡು ತುಂಬುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿ, ಶಬ್ದ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಅನ್ನು ಕಿವಿಯೊಳಗೆ ಕೂಡಿಸಿದ್ದರು. ಮೂರನೆಯ ವರ್ಷದಲ್ಲಿ "ಅಪ್ಪ" ಎಂದಿದ್ದಳು. ಆ ದಿನ ವೆನ್‌ಹೆ ಬಂದವರಿಗೆಲ್ಲ ಪುಕ್ಕಟೆ ತಿಂಡಿ ಕೊಟ್ಟಿದ್ದ.

ಅಂಚೆ ಕಚೇರಿಯಿಂದ ನಿವೃತ್ತನಾದ ಫಾಂಗ್ ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳುತ್ತಿದ್ದ: "ಒಂದು ಮೊಟ್ಟೆ ರೊಟ್ಟಿ. ಸಕ್ಕರೆ ಇಲ್ಲದ ಹಾಲು."

"ಒಂದು ಮೊಟ್ಟೆ ರೊಟ್ಟಿ! ಸಕ್ಕರೆ ಇಲ್ಲದ ಹಾಲು!" ಯಾನಿಂಗ್ ಏರಿಳಿತವಿಲ್ಲದ ದನಿಯಲ್ಲಿ ಕೂಗುತ್ತಿದ್ದಳು.

"ಅಬ್ಬಾ! ನನ್ನ ಕಿವಿಗಿಂತ ಇವಳದೇ ಚುರುಕು ಕಣಯ್ಯ," ಎಂದು ಅಜ್ಜ ಚಪ್ಪಾಳೆ ತಟ್ಟುತ್ತಿದ್ದ. ವೆನ್‌ಹೆಯ ಮುಖ ಅರಳುತ್ತಿತ್ತು. ಯಾನಿಂಗ್ ತಕ್ಷಣ ತಿರುಗಿ ಆ ಮುಖವನ್ನು ಹುಡುಕುತ್ತಿದ್ದಳು.

ಈ ಆಟದ ಹಿಂದೆ ಒಂದು ಹಳೆಯ ಗಾಯವಿತ್ತು. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ವೆನ್‌ಹೆಯ ಅಣ್ಣ ವೆನ್‌ಬಿನ್ ಇಡೀ ಮನೆಯವರ ಮುಂದೆ, "ಹೆಣ್ಣು ಮಗು ತಲೆ ಕೊರೆಸ್ತೀಯೇನೋ? ಕಿವುಡು ಅಂದ್ರೆ ಕಿವುಡು. ಯಂತ್ರ ಇಟ್ಟಾಕ್ಷಣ ಗಿಣಿ ಆಗ್ಬಿಡ್ತಾಳಾ?" ಎಂದಿದ್ದ. ಮಗಳು ಹೇಳುವ ಒಂದೊಂದು ಸರಿಮಾತೂ ಆ ಪ್ರಶ್ನೆಗೆ ಉತ್ತರ ಎಂದು ವೆನ್‌ಹೆ ಒಳಗೊಳಗೇ ಎಣಿಸಿಕೊಂಡಿದ್ದ.

ಬೇಸಿಗೆಯ ಹೊತ್ತಿಗೆ ಬಿಯುನ್‌ಗೆ ಅನುಮಾನ ಬಂತು.

"ಈಚೆಗೆ ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ. ಮಾತಾಡಿದ್ರೆ ನನ್ನ ಬಾಯಿನೇ ನೋಡ್ತಾಳೆ. ಒಂದ್ಸಲ ತೈನಾನ್ ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರೋಣ."

"ಅಂಗಡಿ ಮುಚ್ಚೋದಾ?" ವೆನ್‌ಹೆ ಮಗಳ ಕಿವಿಯ ಹಿಂದೆ ಬಗ್ಗಿ ನೋಡಿದ. "ಯಂತ್ರದ ದೀಪ ಹಸಿರಾಗೇ ಇದೆಯಲ್ಲ! ಬೆಳಿಗ್ಗೆ ಫಾಂಗ್ ಅಜ್ಜ ಹೇಳಿದ್ದು ಒಂದಕ್ಷರ ತಪ್ಪಿಲ್ಲ."

"ಶಾಲೆ ಮೇಡಮ್ಮೂ ಹೇಳಿದ್ರು, ಕರೆದ್ರೆ ಕೇಳ್ಸದ ಹಾಗೆ ಇರ್ತಾಳೆ ಅಂತ."

"ಕೇಳ್ಸದ ಹಾಗೆ ಇರ್ತಾಳೆ ಅಂದ್ರು ತಾನೆ? ಕೇಳ್ಸಲ್ಲ ಅಂದ್ರಾ? ಹಠ ಕಣೇ ಅದು. ನೀನು ಮುದ್ದು ಮಾಡಿ ಕೆಡಿಸಿದೀಯ. ಕೇಳಿಸ್ತಿರೋ ಮಗೂಗೆ ಕೇಳ್ಸಲ್ಲ ಅಂತ ಬಾಯಲ್ಲಿ ಅನ್ನಬೇಡ."

ಆಸ್ಪತ್ರೆಯಿಂದ ತಪಾಸಣೆಗೆ ಕರೆ ಬಂದಾಗಲೆಲ್ಲ ಅವನು ಮುಂದಿನ ತಿಂಗಳು ಎನ್ನುತ್ತಿದ್ದ. ಬದಲಿಗೆ ಮನೆಯಲ್ಲಿ ತಾನೇ ಅಭ್ಯಾಸ ಮಾಡಿಸುತ್ತಿದ್ದ. ಮಗಳ ಹಿಂದೆ ಕೂತು ಒಂದೊಂದೇ ಶಬ್ದ ಮಾಡುವುದು, ಕೇಳಿಸಿದಾಗ ಅವಳು ಡಬ್ಬಿಗೊಂದು ಗೋಲಿ ಹಾಕುವುದು. ಗೋಲಿ ಬಿದ್ದರೆ "ಜಾಣೆ!" ಬೀಳದಿದ್ದರೆ ಎದುರು ಬಂದು, "ಸರಿಯಾಗಿ ಕೇಳಿಸ್ಕೋ. ಮನಸ್ಸಿಟ್ಟು ಕೇಳಿಸ್ಕೋ." ದಿನ ಕಳೆದಂತೆ ಗೋಲಿಗಳು ತಪ್ಪದೆ ಬೀಳತೊಡಗಿದವು.

ಒಂದು ಭಾನುವಾರ ವೆನ್‌ಬಿನ್ ಅಂಗಡಿಗೆ ಬಂದ. ಅವನ ತಿಂಡಿ ಯಾವಾಗಲೂ ಒಂದೇ, ಹುರಿದ ಮೂಲಂಗಿ ಕಡುಬು ಮತ್ತು ಬಿಸಿ ಹಾಲು. ಕುರ್ಚಿಗಳೆಲ್ಲ ತುಂಬಿದ್ದವು.

"ಅಣ್ಣ, ನೀನೇ ಹೇಳಿ ನೋಡು," ಎಂದ ವೆನ್‌ಹೆ. ಮಗಳು ಆಗಲೇ ಗಾಜಿನ ಕಡೆ ತಿರುಗಿದ್ದಳು.

ವೆನ್‌ಬಿನ್ ತಮ್ಮನನ್ನೂ ಮಗುವನ್ನೂ ನೋಡಿದ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟು, ಸಾಕಷ್ಟು ಜೋರಾಗಿಯೇ ಹೇಳಿದ: "ನನ್ನ ಛತ್ರಿ ಎಲ್ಲಿಟ್ಟೆ, ಪುಟ್ಟಿ?"

"ಮೂಲಂಗಿ ಕಡುಬು! ಬಿಸಿ ಹಾಲು!"

ಯಾರೋ ಕಿಸಕ್ಕನೆ ನಕ್ಕರು. ವೆನ್‌ಬಿನ್ ಮೇಜು ಕುಟ್ಟಿ ನಕ್ಕ. "ಛತ್ರಿ ಕೇಳಿದ್ರೆ ಕಡುಬು ಕೊಡ್ತಾಳಲ್ಲೋ! ಇದೇ ಏನೋ ನಿನ್ನ ಗಿಣಿ?"

ಮಗಳು ಎಂದಿನಂತೆ ಹೊಗಳಿಕೆಗಾಗಿ ಅಪ್ಪನತ್ತ ಮುಖ ತಿರುಗಿಸಿದಳು, ವೆನ್‌ಹೆ ಅವಳ ಕೆನ್ನೆಗೆ ಹೊಡೆದುಬಿಟ್ಟ. ಬಿಲ್ಲೆ ತಲೆಯಿಂದ ಕಳಚಿ ತಂತಿಯಲ್ಲಿ ಜೋತಾಡಿತು. ಯಾನಿಂಗ್ ಅಳಲಿಲ್ಲ. ತಡವರಿಸುತ್ತ ಬಿಲ್ಲೆ ಹಿಡಿದು ಮತ್ತೆ ತಲೆಗೆ ಅಂಟಿಸಿಕೊಂಡಳು.

"ಕೇಳಿಸ್ತು ಅಪ್ಪ," ಎಂದಳು. "ಕೇಳಿಸ್ತು. ಕೇಳಿಸ್ತು."

ವೆನ್‌ಬಿನ್‌ನ ನಗು ನಿಂತಿತು. ಬಿಯುನ್ ಕಾವಲಿಯ ಉರಿ ಆರಿಸಿದಳು. ಅರ್ಧ ಬೆಂದ ರೊಟ್ಟಿಗಳು ಅಲ್ಲೇ ಉಳಿದವು. "ಎಲ್ಲರೂ ಹೊರಡಿ," ಎಂದು ಗಿರಾಕಿಗಳಿಗೆ ಹೇಳಿದಳು. ಗಂಡನತ್ತ ನೋಡದೆಯೇ, "ನಾಳೆ ತೈನಾನ್. ನೀನು ಬಂದ್ರೂ ಸರಿ, ಬರದಿದ್ರೂ ಸರಿ," ಎಂದಳು.

ಅವನೂ ಜೊತೆಗೆ ಹೋದ.

ಆಸ್ಪತ್ರೆಯಲ್ಲಿ ಶ್ರವಣತಜ್ಞೆ ಪೈಶಾನ್ ಮಗುವಿನ ಎದುರು ಕುಳಿತು, ಬಟ್ಟೆ ಬಿಗಿದ ಬಳೆಯಂಥ ಚೌಕಟ್ಟೊಂದನ್ನು ತನ್ನ ಬಾಯಿಗೆ ಅಡ್ಡ ಹಿಡಿದಳು. ದನಿ ಈಚೆ ಬರುತ್ತದೆ, ತುಟಿ ಕಾಣುವುದಿಲ್ಲ. ಯಾನಿಂಗ್ ಮುಂದೆ ಗೋಲಿಗಳ ಬಟ್ಟಲು, ಡಬ್ಬಿ. "ಆ," ಎಂದಳು ಪೈಶಾನ್. ಗೋಲಿ ಬಿತ್ತು. "ಊ." ಗೋಲಿ ಬಿತ್ತು. ವೆನ್‌ಹೆ ಹೆಂಡತಿಯ ಕಡೆ ನೋಡಿ ಉಸಿರು ಬಿಟ್ಟ.

ಆಮೇಲೆ ಪೈಶಾನ್ ಸುಮ್ಮನಾದಳು. ಬಟ್ಟೆಯ ಹಿಂದಿನಿಂದ ಯಾವ ಶಬ್ದವೂ ಬರಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಯಾನಿಂಗ್ ಗೋಲಿ ಹಾಕಿದಳು. ಇನ್ನೊಂದು ಉಸಿರು, ಇನ್ನೊಂದು ಗೋಲಿ. ಕೋಣೆಯಲ್ಲಿ ಗೋಲಿ ಬೀಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಡುನಡುವೆ ಅವಳು ಅಪ್ಪನ ಕಡೆ ತಿರುಗಿ ನಗುತ್ತಿದ್ದಳು. ಬಟ್ಟಲು ಬರಿದಾಗುವವರೆಗೂ ಹಾಗೇ ನಡೆಯಿತು. ಮನೆಯಲ್ಲಿ ಅವಳ ಹಿಂದೆ ಕೂತು ತಾನು ಶಬ್ದ ಮಾಡುತ್ತಿದ್ದ ಲಯವೇ ಅದು ಎಂದು ವೆನ್‌ಹೆಗೆ ಗೊತ್ತಾಯಿತು.

ಯಂತ್ರಗಳಿಗೆ ಜೋಡಿಸಿ ಎಲ್ಲ ಪರೀಕ್ಷೆ ಮುಗಿಸಿದ ಮೇಲೆ ಪೈಶಾನ್ ಹೇಳಿದಳು: "ಹೊರಗಿನ ಯಂತ್ರ ಚೆನ್ನಾಗಿದೆ, ಅದಕ್ಕೇ ಹಸಿರು ದೀಪ. ಒಳಗೆ ಕೂಡಿಸಿರೋ ಭಾಗ ಕೆಟ್ಟಿದೆ. ಒಂದೇ ದಿನದಲ್ಲಿ ಆಗಿದ್ದಲ್ಲ, ಮೆಲ್ಲಮೆಲ್ಲಗೆ ಹೋಗಿದೆ. ಈಗ ಹೆಚ್ಚುಕಮ್ಮಿ ಏನೂ ಕೇಳಿಸ್ತಿಲ್ಲ."

"ಆದ್ರೆ ಅಂಗಡೀಲಿ ಬಂದವರು ಹೇಳಿದ್ದೆಲ್ಲ..." ವೆನ್‌ಹೆ ಅಲ್ಲಿಗೇ ನಿಲ್ಲಿಸಿದ.

"ಗಾಜಲ್ಲಿ ನೋಡ್ತಿದ್ಲು," ಎಂದಳು ಬಿಯುನ್. "ಯಾರು ಬಂದ್ರು ಅಂತ. ಯಾರು ಏನು ತಿಂತಾರೆ ಅಂತ ಅವಳಿಗೆ ಬಾಯಿಪಾಠ."

"ಕೇಳ್ಸಲ್ಲ ಅಂತ ಅವಳು ಒಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ಏನ್ ಮಾಡ್ತಿದ್ರಿ?" ಪೈಶಾನ್ ದನಿ ಏರಿಸಲಿಲ್ಲ.

ಅವನು ಮಗಳ ಮುಂದಿದ್ದ ಬರಿದಾದ ಬಟ್ಟಲಿನತ್ತ ನೋಡಿದ. "ಹೊಸದು ಹಾಕಿದ್ರೆ ಮೊದಲಿನ ಹಾಗೆ ಆಗತ್ತಾ?" ಎಂದ.

"ಶಬ್ದ ಸಿಗತ್ತೆ. ಆದ್ರೆ ಶಬ್ದದಲ್ಲಿ ಮಾತನ್ನ ಬಿಡಿಸ್ಕೊಳ್ಳೋದನ್ನ ಮಗು ಈ ವಯಸ್ಸಲ್ಲಿ ದಿನಾ ಕೇಳಿ ಕೇಳಿನೇ ಕಲಿಯೋದು. ಕಲಿತದ್ದರಲ್ಲಿ ಎಷ್ಟು ಉಳಿದಿದೆಯೋ ನೋಡ್ಬೇಕು. ಹೋದ ತಿಂಗಳುಗಳನ್ನ ನಾನು ವಾಪಸ್ ತಂದುಕೊಡೋಕಾಗಲ್ಲ. ಬೇಸಿಗೆ ಶುರುವಲ್ಲೇ ಬಂದಿದ್ರೆ..."

ರೈಲು ನಿಲ್ದಾಣದಲ್ಲಿ ಬೆಂಚಿನ ಮೇಲಿದ್ದ ಮಗಳ ಎದುರು ಬಿಯುನ್ ಮಂಡಿಯೂರಿ ಕೂತು, ಒಂದೊಂದೇ ಪದ ನಿಧಾನವಾಗಿ ತುಟಿಯಲ್ಲಿ ಮೂಡಿಸಿ ಕೇಳಿದಳು: "ಕೇಳ್ಸಲ್ಲ ಅಂತ ಯಾಕೆ ಹೇಳ್ಲಿಲ್ಲ, ಕಂದ?"

ಯಾನಿಂಗ್ ಯೋಚಿಸಿದಳು. "ಹೇಳಿದ್ರೆ ಅಪ್ಪನ ಮುಖ ಹೀಗಾಗತ್ತೆ," ಎಂದು ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಕಣ್ಣನ್ನು ಬೇರೆಲ್ಲೋ ತಿರುಗಿಸಿದಳು. ಪಕ್ಕದ ಬೆಂಚಿನ ಹೆಂಗಸೊಬ್ಬಳಿಗೆ ಆ ಪುಟ್ಟ ಮುಖದ ಗಾಂಭೀರ್ಯ ಕಂಡು ನಗು ಬಂತು. ವೆನ್‌ಹೆ ಎದ್ದು ಹಳಿಗಳ ಕಡೆ ಹೋಗಿ ನಿಂತ. ರೈಲು ಬರುವವರೆಗೂ ಈಚೆ ತಿರುಗಲಿಲ್ಲ.

ಹೊಸ ಶಸ್ತ್ರಚಿಕಿತ್ಸೆಗೆ ಕಾಯಬೇಕಿತ್ತು. ಸುದ್ದಿ ತಿಳಿದು ವೆನ್‌ಬಿನ್ ಫೋನ್ ಮಾಡಿದ. "ನಾನು ಆಗ್ಲೇ ಹೇಳಿರ್ಲಿಲ್ವೇನೋ? ಯಂತ್ರ ನಂಬಬೇಡ ಅಂತ?"

"ಯಂತ್ರ ಹಾಕಿಸಿದ್ದು ತಪ್ಪಲ್ಲ ಅಣ್ಣ," ಎಂದು ವೆನ್‌ಹೆ ಫೋನ್ ಇಟ್ಟ.

ಅಂಗಡಿಯಲ್ಲಿ ಫಾಂಗ್ ಅಜ್ಜ ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದಾಗ ವೆನ್‌ಹೆ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. "ಬೇಡ ಅಜ್ಜ. ಅವಳಿಗೆ ಈಗ ಕೇಳ್ಸಲ್ಲ. ಮಾತಾಡಿಸ್ಬೇಕಿದ್ರೆ ಎದುರು ಬಂದು ಕೂತ್ಕೊಳ್ಳಿ." ಅಜ್ಜ ಹಾಲು ಕುಡಿದು ಎದ್ದ. ಕೆಲವರು ಎದುರು ಬಂದು ಕೂತರು. ಹೆಚ್ಚಿನವರು ತಿಂಡಿ ತಿಂದು ಹೋದರು.

ಒಂದು ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ವೆನ್‌ಹೆ ಕಾವಲಿ ಉಜ್ಜುತ್ತಿದ್ದ. ಬಿಯುನ್ ಪೇಟೆಗೆ ಹೋಗಿದ್ದಳು. ಯಾನಿಂಗ್ ಅವನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಎಷ್ಟೋ ದಿನಗಳಿಂದ ಆಡಲಾಗದೆ ಉಳಿದಿದ್ದ ಮಾತನ್ನು ಅವನು ಕಾವಲಿಯ ಕಡೆಯೇ ನೋಡುತ್ತ, ತಲೆ ಎತ್ತದೆ ಆಡಿಬಿಟ್ಟ. ಹಾಗೆ ಆಡುವುದು ಸುಲಭವಾಗಿತ್ತು. ಆಡಿ ಮುಗಿಸಿ ಮತ್ತೆ ಉಜ್ಜತೊಡಗಿದ.

ಸೊಂಟಕ್ಕೆ ಕಟ್ಟಿದ್ದ ಬಟ್ಟೆಯನ್ನು ಯಾರೋ ಜಗ್ಗಿದ ಹಾಗಾಯಿತು. ಅವನ ದವಡೆ ಅಲುಗಾಡಿದ್ದು ಮಗಳಿಗೆ ಕಂಡಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಭುಜಗಳು ಕಿವಿಯವರೆಗೆ ಏರಿದ್ದವು.

"ಅಪ್ಪ," ಎಂದಳು. "ಕೇಳಿಸ್ಲಿಲ್ಲ."

ಅವನು ಉಜ್ಜುವ ಬಟ್ಟೆ ಬಿಟ್ಟು, ಕೈ ಒರೆಸಿಕೊಂಡು, ಅವಳ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕೂತ. ಬೆಳಕು ತನ್ನ ಬಾಯಿಯ ಮೇಲೆ ಬೀಳುವಂತೆ ಬಾಗಿಲ ಕಡೆ ಸ್ವಲ್ಪ ತಿರುಗಿದ.

"ನಾನು ನಿನ್ನ ಹೊಡೆದೆ. ತಪ್ಪು ನಂದು. ನಿಂದಲ್ಲ."

ಯಾನಿಂಗ್ ಅವನ ತುಟಿಗಳನ್ನು ನೋಡಿದಳು. ನಗಲಿಲ್ಲ. ಹೂಂ ಅನ್ನಲಿಲ್ಲ.

"ಇನ್ನೊಂದ್ಸಲ," ಎಂದಳು.

ಅವನು ಇನ್ನೊಂದು ಸಲ ಹೇಳಿದ.