ಬಾಯಿ ಕೆಳಗಿರುವ ಮೀನು

ಕೆಂಪರಾಜುವಿನ ಮೀನಿನ ಗೋದಾಮಿನಲ್ಲಿ ಲೈಟು ಹಾಕಿದವರಿಗೆ ಬೈಗುಳ ಗ್ಯಾರಂಟಿ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ಬದಿ, ಹಳೆಯ ಮಗ್ಗದ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಅವನು ಸಮುದ್ರದ ಬಣ್ಣದ ಮೀನು ಮಾರುತ್ತಿದ್ದ. ವಿಮಾನ ಇಳಿದ ಥರ್ಮಾಕೋಲ್ ಪೆಟ್ಟಿಗೆಗಳು ಬೆಳಗ್ಗೆ ಬರುತ್ತಿದ್ದವು. ಅಷ್ಟು ಹೊತ್ತು ಕತ್ತಲಲ್ಲಿದ್ದ ಮೀನಿನ ಮೇಲೆ ಒಮ್ಮೆಲೇ ಬೆಳಕು ಬಿದ್ದರೆ ಗಾಬರಿಯಿಂದಲೇ ಸತ್ತುಹೋಗುವುದುಂಟು. ಹಾಗಾಗಿ ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟು, ಮೀನಿರುವ ಪ್ಲಾಸ್ಟಿಕ್ ಕವರುಗಳನ್ನು, ಒಳಗಿನ ನೀರು ತೊಟ್ಟಿಯ ನೀರಿನ ಬಿಸಿಗೆ ಹೊಂದಲೆಂದು, ಹಾಗೇ ತೊಟ್ಟಿಯಲ್ಲಿ ತೇಲಿಬಿಡುವರು. ಆಮೇಲೆ ಮೊಬೈಲ್ ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ಮೇಲಿನಿಂದ ಬಗ್ಗಿ ನೋಡಿ, ಇದು ಇಂಥ ಜಾತಿಯ ಮೀನು ಎಂದು ಹೇಳಬೇಕು. ಕಳಿಸುವವರು ಅಂಟಿಸಿದ ಚೀಟಿಯನ್ನು ಈ ವ್ಯಾಪಾರದಲ್ಲಿ ಯಾರೂ ನಂಬುವುದಿಲ್ಲ.

ಹೇಳುವವಳು ಶಶಿರೇಖಾ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಸದ್ದು. ಒಂದು ಲೋಟ ನೀರು ಕೇಳಬೇಕಾದರೂ ಕಿರುಚಬೇಕು. ಕಿರುಚಲು ನಾಚಿಕೆಪಟ್ಟು ಅವಳು ಮಾತನ್ನೇ ಕಡಿಮೆ ಮಾಡಿಕೊಂಡಿದ್ದಳು. ಗೋದಾಮಿಗೆ ಸೇರಿದ ಮೊದಲ ತಿಂಗಳು ತೊಟ್ಟಿ ತೊಳೆದಳು. ಒಂದು ದಿನ ಅವಳು ಎರಡು ಮೀನುಗಳ ಹೆಸರನ್ನು ಮೆಲ್ಲಗೆ ತಿದ್ದಿದ್ದನ್ನು ಕೇಳಿಸಿಕೊಂಡ ಕೆಂಪರಾಜು, ಅಂದಿನಿಂದ ಟಾರ್ಚನ್ನು ಅವಳ ಕೈಗೇ ಕೊಟ್ಟಿದ್ದ. ಬಂದ ಗಿರಾಕಿಗಳಿಗೆಲ್ಲ, ನಮ್ಮ ಹುಡುಗಿ ನೋಡಿ ಹೇಳಿದ ಮೇಲೆ ಮುಗೀತು ಎನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ತಲೆ ತಗ್ಗಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು.

ಆ ಸೋಮವಾರ ಬಂದದ್ದು ಕ್ಲೀನರ್ ಮೀನು. ಬೆರಳುದ್ದ, ನೀಲಿ ಬಿಳಿ ಮೈ, ಮೂತಿಯಿಂದ ಬಾಲದವರೆಗೆ ಅಗಲವಾಗುತ್ತ ಹೋಗುವ ಕಪ್ಪು ಪಟ್ಟೆ. ದೊಡ್ಡ ಮೀನುಗಳ ಮೈಮೇಲಿನ, ಕಿವಿರಿನೊಳಗಿನ ಹುಳುಗಳನ್ನು ಹೆಕ್ಕಿ ತಿನ್ನುವುದು ಇದರ ಕಸುಬು. ಇದು ಬಾಲ ಕುಣಿಸುತ್ತ ಹತ್ತಿರ ಬಂದರೆ ಎಂಥ ದೊಡ್ಡ ಮೀನೂ ರೆಕ್ಕೆ ಹರಡಿ, ಬಾಯಿ ತೆರೆದು, ಅಲ್ಲಾಡದೆ ನಿಂತು ಮೈ ಒಪ್ಪಿಸುತ್ತದೆ.

ದೇವನಹಳ್ಳಿಯ ಹಲ್ಲಿನ ಡಾಕ್ಟರು ಅಮರ್ ಇದಕ್ಕಾಗಿ ಕಾದಿದ್ದರು. ಅವರ ಕ್ಲಿನಿಕ್ಕಿನ ತೊಟ್ಟಿಯಲ್ಲಿದ್ದ ನೀಲಿ ಹಳದಿ ಗೆರೆಯ ದೊಡ್ಡ ಏಂಜಲ್ ಮೀನಿಗೆ ಕಿವಿರಿನಲ್ಲಿ ಹುಳುವಾಗಿತ್ತು. ಮದ್ದು ಹಾಕಿದರೆ ಜೊತೆಗಿರುವ ಹವಳ ಸಾಯುತ್ತದೆ. ಹಾಗೇ ಬಿಟ್ಟರೆ ಮೀನು ಉಸಿರು ಕಟ್ಟಿ ಸಾಯುತ್ತದೆ. ಕ್ಲೀನರ್ ಒಂದೇ ದಾರಿ.

ಶಶಿರೇಖಾ ಕೆಂಪು ಬೆಳಕಿನಲ್ಲಿ ಒಂದೊಂದೇ ಕವರಿನ ಮೇಲೆ ಬಗ್ಗಿ, ಪಟ್ಟೆ ನೋಡಿ, ಎಲ್ಲಾ ಕ್ಲೀನರ್ ಎಂದಳು. ಕೆಂಪರಾಜು ಅವುಗಳಲ್ಲೇ ಉದ್ದನೆಯದನ್ನು, ಚುರುಕಾಗಿದ್ದದ್ದನ್ನು ಡಾಕ್ಟರಿಗೆಂದು ಆರಿಸಿದ.

ಅದರ ಕವರಿಗೆ ರಬ್ಬರ್ ಬ್ಯಾಂಡ್ ಹಾಕಲು ಅವಳು ಎತ್ತಿ ಹಿಡಿದಾಗ ಬಾಗಿಲ ಸಂದಿಯ ಬೆಳಕು ಅದರ ಮೇಲೆ ಬಿತ್ತು. ಮೊದಲ ಬಾರಿಗೆ ಅವಳು ಆ ಮೀನನ್ನು ಪಕ್ಕದಿಂದ ನೋಡಿದಳು. ಮೂತಿ ಮುಂದಕ್ಕೆ ಚಾಚಿತ್ತು. ಬಾಯಿ ಮೂತಿಯ ತುದಿಯಲ್ಲಿರಲಿಲ್ಲ, ಕೆಳಗೆ ಒಳಸರಿದಿತ್ತು.

ಅವಳು ಕವರನ್ನು ಇನ್ನಷ್ಟು ಬೆಳಕಿಗೆ ತಂದಳು. ಕ್ಲೀನರ್‌ನ ವೇಷ ಹಾಕುವ ಇನ್ನೊಂದು ಮೀನಿದೆ ಎಂದು ಓದಿದ್ದಳು. ಅದೇ ಬಣ್ಣ, ಅದೇ ಪಟ್ಟೆ, ಅದೇ ಕುಣಿತ. ನಂಬಿ ಮೈ ಒಪ್ಪಿಸಿದ ಮೀನಿನ ರೆಕ್ಕೆಯನ್ನೇ ಕಚ್ಚಿ ಹರಿದು ತಿನ್ನುವ ಮೀನು. ಎರಡಕ್ಕೂ ಇರುವ ವ್ಯತ್ಯಾಸ ಬಾಯಿ ಒಂದೇ; ಅದು ಮೇಲಿನಿಂದ ಬಗ್ಗಿ ನೋಡಿದರೆ ಕಾಣುವುದಿಲ್ಲ. ಆದರೆ ಕವರಿನ ಸೊಟ್ಟ ಪ್ಲಾಸ್ಟಿಕ್ಕಿನಲ್ಲಿ ಎಲ್ಲವೂ ಉದ್ದಗಿಡ್ಡ ಕಾಣುತ್ತದೆ. ಗಾಜಿನ ಡಬ್ಬಿಗೆ ಬಿಟ್ಟು, ಬೆಳಕು ಹಾಕಿ ನೋಡಿದರೆ ಮಾತ್ರ ಖಚಿತ.

"ಅಣ್ಣ, ಇದನ್ನ ಒಂದ್ಸಲ ಗಾಜಲ್ಲಿ ಬಿಟ್ಟು ನೋಡ್ಲಾ?" ಎಂದಳು.

ಗಾಳಿಯ ಪಂಪು ಗುಂಯ್‌ಗುಡುತ್ತಿತ್ತು. ಕೆಂಪರಾಜು ಫೋನಿನಿಂದ ತಲೆ ಎತ್ತಿ, "ಏನಂದೆ?" ಎಂದ.

ಹೊರಗೆ ಗಿರಾಕಿಗಳಿಗೆ ಮೀನು ತಲುಪಿಸುವ ಬೀರೇಶ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. ಈಗತಾನೇ ಎಲ್ಲಾ ಕ್ಲೀನರ್ ಎಂದವಳು ತಾನೇ.

"ಏನಿಲ್ಲಣ್ಣ," ಎಂದು ಕವರಿಗೆ ಎರಡು ಬ್ಯಾಂಡ್ ಬಿಗಿದು ಕೊಟ್ಟಳು.

ಆ ರಾತ್ರಿ ಪ್ಲಾಸ್ಟಿಕ್ಕೇ ಹಾಗೆ ತೋರಿಸಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಮಾರನೆಯ ದಿನ ಉಳಿದ ಮೀನುಗಳನ್ನು ಗಾಜಿನ ತೊಟ್ಟಿಗೆ ಬಿಟ್ಟಾಗ ಆ ಸಮಾಧಾನವೂ ಹೋಯಿತು. ಅವೆಲ್ಲಕ್ಕೂ ಬಾಯಿ ಮೂತಿಯ ತುದಿಯಲ್ಲೇ ಇತ್ತು; ಒಂದನ್ನು ಮತ್ತೆ ಕವರಿಗೆ ತುಂಬಿ ನೋಡಿದರೂ ಅಲ್ಲೇ ಕಂಡಿತು. ಆಗಲೂ ಅವಳು ಹೇಳಲಿಲ್ಲ. ಕೆಂಪರಾಜು ಎದುರಿಗೆ ಬಂದಾಗಲೆಲ್ಲ ಬ್ರಷ್ ಹಿಡಿದು ತೊಟ್ಟಿ ಉಜ್ಜಿದಳು.

ಬುಧವಾರ ಕ್ಲಿನಿಕ್ಕಿನಿಂದ ಫೋನು ಬಂತು. ಮಾಡಿದವಳು ನರಸಮ್ಮ, ಅಲ್ಲಿ ಕಸ ಗುಡಿಸುವವಳು, ಮೀನಿಗೆ ದಿನಾ ಕೈಯಾರೆ ತಿನ್ನಿಸುವವಳು. ಆ ಏಂಜಲ್ ಮೀನಿಗೆ ದೊರೆ ಎಂದು ಹೆಸರಿಟ್ಟವಳೂ ಅವಳೇ. ಕೆಂಪರಾಜು ಸ್ಪೀಕರ್ ಹಾಕಿದ.

"ಏನಪ್ಪಾ ಕೆಂಪರಾಜಪ್ಪ, ಡಾಕ್ಟ್ರು ಮೀನು ಅಂತ ಕಟುಕನ್ನ ಕಳ್ಸಿದ್ದೀಯಾ? ನಮ್ಮ ದೊರೆ ರೆಕ್ಕೆಯೆಲ್ಲಾ ಚಿಂದಿ ಮಾಡಾಕೈತೆ."

ಕೆಂಪರಾಜು ನಕ್ಕು, ಹುಳ ಕೀಳುವುದು ನೋಡುವವರಿಗೆ ಕಚ್ಚಿದ ಹಾಗೇ ಕಾಣುತ್ತದೆ, ಬಿ.ಎಸ್ಸಿ. ಓದಿದ ಹುಡುಗಿ ನೋಡಿ ಕಳಿಸಿದ ಮೀನು, ಭಯ ಬೇಡ ಎಂದು ಸಮಜಾಯಿಷಿ ಹೇಳಿದ. ಫೋನಿಟ್ಟವನೇ ಬೀರೇಶನ ಕಡೆ ತಿರುಗಿದ. ಅವಸರಕ್ಕೆ ಕವರು ಹರಿದು ದಬಕ್ಕನೆ ಸುರಿದಿರಬೇಕು, ಮೀನು ಗಾಬರಿ ಬಿದ್ದು ಹಾಗೆ ಆಡುತ್ತಿದೆ ಎಂದು ಬೈಯತೊಡಗಿದ.

"ದೇವ್ರಾಣೆಗೂ ತೇಲಿಬಿಟ್ಟೇ ಬಿಟ್ಟಿದ್ದು ಗುರು. ಬೇಕಾದ್ರೆ ಆ ಯಮ್ಮನ್ನೇ ಕೇಳು," ಎಂದ ಬೀರೇಶ.

ಬೈಗುಳ ನಿಲ್ಲಲಿಲ್ಲ. ಶಶಿರೇಖಾ ಬ್ರಷ್ ಕೆಳಗಿಟ್ಟು, ಕೈ ಚಾಚಿ ಪಂಪು ಆರಿಸಿದಳು. ಶೆಡ್ಡು ಗಪ್ಪಾಯಿತು.

"ಅವನದ್ದೇನೂ ಇಲ್ಲಣ್ಣ. ಅದು ಕ್ಲೀನರ್ ಅಲ್ಲ. ನಾನು ತಪ್ಪು ಹೇಳಿದೆ."

"ಯಾವಾಗ ಗೊತ್ತಾಯ್ತು ನಿಂಗೆ?"

"ಕವರು ಕಟ್ಟೋವಾಗಲೇ."

ಕೆಂಪರಾಜು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ತಾನೇ ಹೋಗಿ ಪಂಪು ಹಾಕಿದ. ಒಂದು ಕ್ಲೀನರ್ ಹಿಡಿದು ಕವರಿಗೆ ತುಂಬಿ ಅವಳ ಕೈಗೆ ಕೊಟ್ಟ. "ಹೋಗಿ ನೀನೇ ಹೇಳ್ಬಿಟ್ಟು ಬಾ ಅವ್ರಿಗೆ," ಎಂದ.

ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿದ ನಾಲ್ಕಾರು ಮಂದಿ ಕೂತಿದ್ದರು. ತೊಟ್ಟಿಯಲ್ಲಿ ದೊರೆಯ ಬಾಲ ಹರಿದ ರಿಬ್ಬನ್ನಿನ ಹಾಗೆ ಜೋಲುತ್ತಿತ್ತು. ಕಿವಿರು ಬೇಗ ಬೇಗ ಬಡಿದುಕೊಳ್ಳುತ್ತಿತ್ತು. ಡಾಕ್ಟರು ರೋಗಿಯೊಬ್ಬರ ಬಾಯಲ್ಲಿ ಕೈಯಿಟ್ಟುಕೊಂಡೇ, ಏನು ಬೇಕೋ ಮಾಡಿಕೊಳ್ಳಿ ಎಂದು ಒಳಗಿನಿಂದ ಹೇಳಿದರು. ಶಶಿರೇಖಾ ನರಸಮ್ಮನಿಗೆ ವಿಷಯ ಹೇಳತೊಡಗಿದಳು. ದನಿ ಹೊರಡಲಿಲ್ಲವೆಂದು ಇನ್ನೊಮ್ಮೆ ಹೇಳಬೇಕಾಯಿತು. ಆಗ ಕೂತವರೆಲ್ಲರಿಗೂ ಕೇಳಿಸಿತು.

ನರಸಮ್ಮ ಸೆರಗು ಸಿಕ್ಕಿಸಿಕೊಂಡು ಬಕೆಟ್ಟು ತಂದಳು. ಆ ಮೀನು ಕಲ್ಲಿನ ತೂತೊಂದರೊಳಗೆ ಅಡಗಿತ್ತು. ಕಲ್ಲುಗಳನ್ನು ಒಂದೊಂದಾಗಿ ಹೊರಗೆ ತೆಗೆಯಬೇಕಾಯಿತು. ಪ್ರತಿ ಕಲ್ಲಿಗೂ ದೊರೆ ಬೆಚ್ಚಿ ಮೂಲೆಗೆ ಒತ್ತುತ್ತಿತ್ತು. ಕೊನೆಗೆ ಕಲ್ಲಿನ ಸಮೇತ ಆ ಮೀನು ಬಕೆಟ್ಟಿಗೆ ಬಿತ್ತು. ಅದನ್ನು ಗಾಜಿನ ಲೋಟದಲ್ಲಿ ಹಿಡಿದು ನರಸಮ್ಮ ಬೆಳಕಿಗೆ ಎತ್ತಿದಳು.

"ಬಾಯಿ ಗಲ್ಲದ ಕೆಳಗೈತೆ. ಇಷ್ಟು ಕಾಣ್ಲಿಲ್ವಾ ತಾಯಿ ನಿಂಗೆ?"

"ಕಾಣ್ತು," ಎಂದಳು ಶಶಿರೇಖಾ.

ಕಲ್ಲುಗಳನ್ನು ಮತ್ತೆ ಜೋಡಿಸಿದರು. ನಿಜವಾದ ಕ್ಲೀನರನ್ನು ಬಹಳ ಹೊತ್ತು ತೇಲಿಬಿಟ್ಟು, ಆಮೇಲೆ ಶಶಿರೇಖಾ ಕವರು ಬಿಚ್ಚಿದಳು. ಅದು ಒಂದು ಸುತ್ತು ಹೊಡೆದು, ದೊರೆಯ ಮುಂದೆ ಹೋಗಿ ಬಾಲ ಕುಣಿಸಿತು. ದೊರೆ ರೆಕ್ಕೆ ಹರಡಲಿಲ್ಲ. ಹಿಂದೆ ಹಿಂದೆ ಸರಿದು ದೊಡ್ಡ ಕಲ್ಲಿನ ಮರೆಗೆ ಹೋಗಿ ನಿಂತಿತು. ಕ್ಲೀನರ್ ಅಲ್ಲಿಗೂ ಹೋಗಿ ಕುಣಿಯಿತು. ದೊರೆ ಅಲ್ಲಿಂದಲೂ ಓಡಿತು.

"ಇದು ನಿಜವಾದ್ದೇನಾ?"

"ನಿಜವಾದ್ದೇ ಅಮ್ಮ."

"ಅದಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದಳು ನರಸಮ್ಮ. ಸಿಗಡಿಯ ಚೂರು ಹಿಡಿದು ಕೈಯನ್ನು ನೀರಿಗಿಳಿಸಿದಳು. ದೊರೆ ಆ ಕೈಗೂ ಬರಲಿಲ್ಲ.

ಬಸ್ಸಿನ ಹೊತ್ತಾಗುತ್ತಿತ್ತು. ಶಶಿರೇಖಾ ಖಾಲಿ ಕವರು ಮಡಚಿ ಚೀಲಕ್ಕೆ ಹಾಕಿಕೊಂಡಳು. ನರಸಮ್ಮ ಒಂದು ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು. ತಳ್ಳಿದ್ದು ಕೋಪಕ್ಕೋ ಕರುಣೆಗೋ ತಿಳಿಯಲಿಲ್ಲ.

"ಕೂತ್ಕೋ. ಅದು ಬಂದು ನಿಲ್ಲೋಗಂಟ ಎಲ್ಲೂ ಹೋಗ್ಬೇಡ."

ಶಶಿರೇಖಾ ಕೂತಳು. ಕಲ್ಲಿನ ಮರೆಯಲ್ಲಿ ಕಿವಿರು ಬಡಿದುಕೊಳ್ಳುತ್ತಿತ್ತು. ಅದರ ಮುಂದೆ ಆ ಪುಟ್ಟ ಮೀನು, ತನ್ನನ್ನೇಕೆ ನಂಬುತ್ತಿಲ್ಲವೆಂದು ತಿಳಿಯದೆ, ಕುಣಿಯುತ್ತಲೇ ಇತ್ತು.