ರಸ್ತೆ ಬಿಟ್ಟ ಗಾಡಿ ಪೂಜೆ

ಹುಣಸೂರು ರಸ್ತೆಯಲ್ಲಿ ಇಲವಾಲದ ಕಡೆಗೆ ಹೋಗುವವರಿಗೆ ಶುಕ್ರವಾರ ಬೆಳಗ್ಗೆ ಅಂದರೆ ಸಾಕು, ಮುಖ ಸಣ್ಣಗಾಗುತ್ತಿತ್ತು. ಸಿಟಿ ಬಸ್ಸು, ಕಾಲೇಜು ಬಸ್ಸು, ಫ್ಯಾಕ್ಟರಿ ವ್ಯಾನು, ಕೊಡಗಿಗೆ ಹೊರಟ ಕಾರು, ಎಲ್ಲವೂ ಗಣಪತಿ ಗುಡಿಯ ಹತ್ತಿರ ಬಂದು ನಿಂತುಬಿಡುತ್ತಿದ್ದವು. ಹಾರ್ನ್ ಮಾತ್ರ ನಿಲ್ಲುತ್ತಿರಲಿಲ್ಲ.

ಆ ಗುಡಿಯ ಅರ್ಚಕರು ಶಾಮಣ್ಣನವರು. ಅವರ ಅಜ್ಜ ಅರಮನೆಯಲ್ಲಿ ಪೂಜೆಯ ಕೆಲಸಕ್ಕಿದ್ದವರು. ಆ ಹೆಮ್ಮೆ ಶಾಮಣ್ಣನವರಿಗೆ ಕೊಂಚ ಜಾಸ್ತಿಯೇ. ಹೊಸ ಗಾಡಿ ಕೊಂಡವರು ಶೋರೂಮಿನಿಂದ ನೇರವಾಗಿ ಅವರ ಹತ್ತಿರ ಬರುತ್ತಾರೆ. ಗಾಡಿ ದೇವರ ಎದುರಿಗೇ ನಿಲ್ಲಬೇಕು, ಚಕ್ರದಡಿಯ ನಿಂಬೆಹಣ್ಣು ಅಲ್ಲೇ ಅಪ್ಪಚ್ಚಿಯಾಗಬೇಕು, ಬೂದುಗುಂಬಳಕಾಯಿ ಅಲ್ಲೇ ಒಡೆಯಬೇಕು ಎಂಬುದು ಶಾಮಣ್ಣನವರ ಪಟ್ಟು. ದೇವರ ಎದುರಿಗೆ ಇರುವುದಾದರೂ ಏನು? ಬಸ್ ಸ್ಟಾಪು. ಅದನ್ನು ದಾಟಿದರೆ ಹೆದ್ದಾರಿ. ಶುಕ್ರವಾರ ಬಂತೆಂದರೆ ನಾಲ್ಕೈದು ಹೊಸ ಗಾಡಿಗಳು ಹಾರ ಹಾಕಿಕೊಂಡು ಆ ಸ್ಟಾಪಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು.

ಇಲವಾಲದ ಬಸ್ಸಿನ ಕಂಡಕ್ಟರ್ ವಾಣಿ ಒಂದು ಬುಧವಾರ, ತನ್ನ ರಜೆಯ ದಿನ, ಅರ್ಚನೆ ಮಾಡಿಸಲು ಬಂದಳು. ಪ್ರಸಾದ ತೆಗೆದುಕೊಂಡವಳು ಹೊರಡಲಿಲ್ಲ.

"ಅಯ್ನೋರೇ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ. ಈ ಗಾಡಿ ಪೂಜೇನ ಹಿಂದ್ಗಡೆ ಬಯಲಲ್ಲಿ ಮಾಡ್ಬಾರ್ದಾ? ಅದೂ ಗುಡೀದೇ ಜಾಗ ಅಲ್ವಾ?"

"ಹಿಂದೆ ನಿಲ್ಲಿಸಿದ್ರೆ ದೇವರಿಗೆ ಗಾಡಿ ಕಾಣತ್ತೇನಮ್ಮ?" ಎಂದರು ಶಾಮಣ್ಣ. "ಒಂದೊಂದಕ್ಕೆ ಐದೇ ನಿಮಿಷ ಕಣಮ್ಮ. ಐದು ನಿಮಿಷಕ್ಕೆ ಏನು ಮುಳುಗಿಹೋಗತ್ತೆ?"

"ಐದ್ ನಿಮಿಷ ನಿಮ್ಗೆ. ಸ್ಟಾಪಲ್ಲಿ ಕಾರ್ ನಿಂತಿದ್ರೆ ನಮ್ ಬಸ್ಸು ನಡು ರಸ್ತೇಲಿ ನಿಲ್ಬೇಕು. ಬಸ್ ಹಿಂದೆ ಲಾರಿ, ಲಾರಿ ಹಿಂದೆ ಕಾರು. ಎರಡು ಸಾಲಲ್ಲಿ ಹೋಗೋ ಗಾಡಿಗಳು ಒಂದೇ ಸಾಲಲ್ಲಿ ನುಗ್ಬೇಕು. ನೀವು ಗಾಡಿ ತೆಗೆಸಿದ್ರೂ ಆ ಸಾಲು ಕರಗಕ್ಕೆ ಅರ್ಧ ಗಂಟೆ ಬೇಕು. ಅಷ್ಟೊತ್ಗೆ ಇನ್ನೊಂದು ಗಾಡಿ ಬಂದಿರ್ತದೆ. ಒಂದ್ ಶುಕ್ರವಾರ ನಮ್ ಬಸ್ಸಲ್ಲಿ ಬಂದ್ ನೋಡಿ, ಗೊತ್ತಾಯ್ತದೆ."

"ಶುಕ್ರವಾರ ನಾನು ಗುಡಿ ಬಿಟ್ಟು ಬರೋದುಂಟೇ!" ಎಂದು ನಕ್ಕು ಶಾಮಣ್ಣನವರು ಮಾತು ಮುಗಿಸಿದರು. ನಿಜ ಹೇಳಬೇಕೆಂದರೆ ಅವರಿಗೆ ಒಳಗೊಳಗೇ ಭಯ. ರಸ್ತೆಯಿಂದ ಮರೆಯಾದರೆ ಜನ ಬೇರೆ ಗುಡಿಗೆ ಹೋಗಿಬಿಟ್ಟರೆ?

ಆದರೆ ಗುಡಿ ಬಿಡುವ ಶುಕ್ರವಾರ ಬಂದೇಬಂತು. ಅವರ ಹೆಂಡತಿ ಕಮಲ ಅವರಿಗೆ ಗುರುವಾರ ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಮಾರನೆಯ ದಿನ ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದರು. ಕಣ್ಣಿಗೆ ಪೆಟ್ಟು ತಾಗಬಾರದು, ಧೂಳು ಬೀಳಬಾರದು ಎಂದು ಡಾಕ್ಟರ್ ಎರಡೆರಡು ಸಲ ಹೇಳಿದ್ದರು. ಗುಡಿಯ ಪೂಜೆಯನ್ನು ತಮ್ಮನಾದ ವಸಿಷ್ಠನಿಗೆ ಒಪ್ಪಿಸಿ ಬಂದಿದ್ದ ಶಾಮಣ್ಣ, ಆಟೊದ ಕುಲುಕಾಟ ಬೇಡವೆಂದು ಹೆಂಡತಿಯನ್ನು ಬಸ್ಸಿಗೆ ಹತ್ತಿಸಿದರು. ಅದು ವಾಣಿಯ ಬಸ್ಸು.

ಗುಡಿ ಇನ್ನೂ ಅರ್ಧ ಮೈಲಿ ಇದೆ ಅನ್ನುವಾಗ ಬಸ್ಸು ನಿಂತಿತು. ಒಂದು ಮಾರು ಹೋಗುವುದು, ಮತ್ತೆ ನಿಲ್ಲುವುದು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕಣ್ಣಿಗೆ ಔಷಧಿ ಹಾಕುವ ಹೊತ್ತು ಮೀರುತ್ತಿತ್ತು. ಕಮಲ ಸೆರಗಿನಿಂದ ಬೆವರು ಒರೆಸಿಕೊಂಡು ಸುಮ್ಮನೆ ಕೂತಿದ್ದರು. ಶಾಮಣ್ಣನವರಿಗೆ ಮಾತ್ರ ತಾಳ್ಮೆ ಕೆಟ್ಟಿತು.

"ಯಾವ ಪುಣ್ಯಾತ್ಮನಪ್ಪಾ ಹೀಗೆ ಅಡ್ಡ ನಿಲ್ಲಿಸಿರೋದು? ಇವರಿಗೆ ಹೇಳೋರು ಕೇಳೋರು ಯಾರೂ ಇಲ್ವೇ?"

ವಾಣಿ ಬಂದ ನಗುವನ್ನು ನುಂಗಿಕೊಂಡಳು. "ಸ್ವಲ್ಪ ಮುಂದೆ ಹೋದ್ರೆ ಕಾಣ್ತದೆ ಬುಡಿ, ಅಯ್ನೋರೇ."

ಕಂಡಿತು. ಸ್ಟಾಪಿನ ತುಂಬ ಹೊಸ ಗಾಡಿಗಳು. ಕೆಂಪು ಕಾರೊಂದರ ಮುಂದೆ ವಸಿಷ್ಠ ಮಂಗಳಾರತಿ ಎತ್ತುತ್ತಿದ್ದ. ಒಡೆದ ಕುಂಬಳಕಾಯಿ ರಸ್ತೆಯ ಮೇಲೆಲ್ಲ ಹರಡಿತ್ತು. ಶಾಮಣ್ಣನವರು ತಲೆ ತಗ್ಗಿಸಿ ಹೆಂಡತಿಯ ಔಷಧಿಯ ಚೀಲ ಎತ್ತಿಕೊಂಡರು.

ಬಸ್ಸು ನಡು ರಸ್ತೆಯಲ್ಲೇ ನಿಂತಿತು. ಶಾಮಣ್ಣ ಮೊದಲು ಇಳಿದು ಹೆಂಡತಿಯತ್ತ ಕೈ ಚಾಚಿದರು. ಕಮಲ ಒಂದು ಕಾಲನ್ನು ಕೆಳಗಿಡುವಷ್ಟರಲ್ಲಿ, ಬಸ್ಸಿಗೂ ಕಾರುಗಳಿಗೂ ನಡುವಿನ ಸಂದಿಯಲ್ಲಿ ಸ್ಕೂಟರೊಂದು ನುಗ್ಗಿ ಬಂತು. ಅದರ ಚಕ್ರ ಕುಂಬಳಕಾಯಿಯ ಮೇಲೆ ಹರಿದು ಜಾರಿತು. ಶಾಮಣ್ಣ ಪಕ್ಕಕ್ಕೆ ಹಾರಿದರು. ವಾಣಿ ಹಿಂದಿನಿಂದ ಕಮಲ ಅವರ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು. ಸ್ಕೂಟರು ಮೆಟ್ಟಿಲಿಗೆ ತಗುಲಿ ಬಿತ್ತು.

ಸ್ಕೂಟರಿನವನಿಗೆ ಮೊಣಕೈ ತರಚಿತ್ತು, ಅಷ್ಟೇ. ಕಮಲ ಅವರಿಗೆ ಏನೂ ಆಗಲಿಲ್ಲ. ಮನೆ ಸೇರಿ ಶಾಮಣ್ಣ ಹೆಂಡತಿಯ ಕಣ್ಣಿಗೆ ಔಷಧಿ ಹಾಕಿದರು.

"ನನ್ನ ಪೂಜೆಯಿಂದಲೇ ನಿನ್ನ ಕಣ್ಣು ಹೋಗಿಬಿಡ್ತಿತ್ತಲ್ಲೇ," ಎಂದರು. ಔಷಧಿಯ ಬಾಟಲಿ ಮುಚ್ಚುತ್ತಾ, "ಆದರೂ ಗಾಡಿ ದೇವರ ಎದುರಿಗೆ ಇರ್ಬೇಕಲ್ಲ ಕಣೇ," ಎಂದು ಗೊಣಗಿದರು.

ಕಮಲ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಹಿಂದಿನ ಬೀದಿ ಬೀರಮ್ಮ ಹಾಸಿಗೆ ಹಿಡಿದು ವರ್ಷ ಆಯ್ತು. ಅವಳಿಗೆ ಮಂಗಳಾರತಿ ಹೇಗೆ ಸಿಗ್ತಿದೆ?"

"ನಾನೇ ತಟ್ಟೆ ತಗೊಂಡು ಹೋಗಿ ಕೊಡ್ತೀನಲ್ಲ."

"ಅವಳು ಗುಡಿ ಮುಂದೆ ಬಂದು ನಿಲ್ಲಲಿಲ್ಲ ಅಂತ ದೇವರು ಬೇಡ ಅಂದನಾ? ಬೀರಮ್ಮನ ಮನೆಗೆ ಹೋಗೋ ತಟ್ಟೆ ಹಿಂದಿನ ಬಯಲಿಗೆ ಹೋಗಲ್ವಾ ನೋಡ್ರೀ."



ಮುಂದಿನ ಶುಕ್ರವಾರ ಗುಡಿಯ ಗೋಡೆಗೆ ಬೋರ್ಡು ಬಂತು: 'ಗಾಡಿ ಪೂಜೆ ಹಿಂದಿನ ಬಯಲಿನಲ್ಲಿ ಮಾತ್ರ.' ಮೊದಲು ಬಂದ ಕಾರಿನವನು ಸ್ಟಾಪಿನಲ್ಲೇ ನಿಲ್ಲಿಸಿ, "ಎರಡೇ ನಿಮಿಷ ಸ್ವಾಮಿ, ಇಲ್ಲೇ ಮುಗಿಸಿಬಿಡಿ. ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀನಿ," ಎಂದ.

ಶಾಮಣ್ಣನವರು ಹೆದರಿದ್ದು ಇದಕ್ಕೇ. ಆದರೂ ಬಗ್ಗಲಿಲ್ಲ. "ಹೋಗಿ ಬನ್ನಿ, ಒಳ್ಳೇದಾಗಲಿ. ಅಲ್ಲೂ ರಸ್ತೆ ಮೇಲೆ ಮಾತ್ರ ಮಾಡಿಸಬೇಡಿ."

ಅವನು ಸಿಟ್ಟಿನಿಂದ ಹೊರಟೇಹೋದ. ಎರಡನೆಯವನು ಬೋರ್ಡು ಓದಿ ಪಕ್ಕದ ದಾರಿಗೆ ಗಾಡಿ ತಿರುಗಿಸಿಕೊಂಡ. ಮೂರನೆಯವನು ಅವನ ಹಿಂದೆ ಹೋದ. ಶಾಮಣ್ಣ ಆರತಿ ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು ಬಯಲಿಗೆ ನಡೆದರು. ಕುಂಬಳಕಾಯಿ ಮೂಲೆಯಲ್ಲಿ ಒಡೆಯಿತು. ಒಡೆದವರ ಕೈಗೇ ಅವರು ಪೊರಕೆ ಕೊಟ್ಟರು.

ಅಂದು ಕಮಲ ಮತ್ತೊಮ್ಮೆ ಕಣ್ಣು ತೋರಿಸಿಕೊಂಡು ಒಬ್ಬರೇ ಬಸ್ಸಿನಲ್ಲಿ ಬಂದರು. ರಸ್ತೆಯಲ್ಲಿ ಗಾಡಿಗಳು ಕಡಿಮೆಯೇನೂ ಆಗಿರಲಿಲ್ಲ, ಆದರೆ ನಿಲ್ಲದೆ ಸಾಗುತ್ತಿದ್ದವು. ಬಸ್ಸು ಸ್ಟಾಪಿನೊಳಕ್ಕೆ ಬಂದು ಫುಟ್‌ಪಾತಿಗೆ ಒತ್ತಿ ನಿಂತಿತು. ಕಮಲ ಬಾಗಿಲಿನಿಂದ ನೇರವಾಗಿ ಫುಟ್‌ಪಾತಿನ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಬಯಲಿಗೆ ನಡೆದುಬಂದರು. ಅವರನ್ನು ಕಂಡ ಶಾಮಣ್ಣನವರಿಗೆ ಹೇಳುತ್ತಿದ್ದ ಮಂತ್ರವೇ ಒಂದು ಗಳಿಗೆ ಮರೆತುಹೋಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಗಾಡಿ ಪೂಜೆ ಮಾಡಿಸದೇ ಇರಬಹುದು. ಆದರೆ ಎಳನೀರು ಕುಡಿಯಲು, ಫೋನು ಬಂತೆಂದು, ಹೂವು ಕೊಳ್ಳಲು 'ಎರಡೇ ನಿಮಿಷ' ಎಂದು ಬಸ್ ಸ್ಟಾಪಿನಲ್ಲಿ ಗಾಡಿ ನಿಲ್ಲಿಸಿದ್ದುಂಟಲ್ಲ? ಇನ್ನು ಮುಂದೆ ಪಕ್ಕದ ರಸ್ತೆಗೆ ತಿರುಗಿಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಯಿರಿ. ಬಸ್ಸಿನ ಜಾಗವನ್ನು ಬಸ್ಸಿಗೆ ಬಿಟ್ಟುಕೊಡಿ. ಅದರಿಂದ ಇಳಿಯುತ್ತಿರುವವರು ನಿಮ್ಮ ಮನೆಯವರೇ ಆಗಿರಬಹುದು.